ಕಾಗುಣಿತ ಮೇಷ್ಟ್ರ ಬೋರ್ಡು

ಹೆದರಿಕೆಗೂ ಒಂದು ವೇಳಾಪಟ್ಟಿ ಇರಬೇಕು ಎಂದು ನಂಬಿದ್ದವರು ನಮ್ಮ ಕಾಗುಣಿತ ಮೇಷ್ಟ್ರು. ಬೆಳಿಗ್ಗೆ ಗೇಟು ದಾಟುವಾಗ ಎದುರುಮನೆಯ ನಾಯಿಗೆ ಹೆದರುತ್ತಿದ್ದರು. ಕಾಲೇಜಿನಲ್ಲಿ ಪ್ರಾಂಶುಪಾಲರಿಗೆ. ಸಂಜೆ ಮನೆಗೆ ಬಂದರೆ ಹೆಂಡತಿಯ ಅಣ್ಣನಿಗೆ, ಅಂದರೆ ಭಾವನಿಗೆ. ಭಾನುವಾರ ನಾಯಿ ಮಲಗಿದ್ದು, ಕಾಲೇಜಿಗೆ ರಜೆಯಿದ್ದು, ಭಾವನೂ ಬಾರದಿದ್ದರೆ, 'ಇಷ್ಟೊಂದು ನೆಮ್ಮದಿ ಯಾಕಿದೆ? ಏನೋ ಕಾದಿದೆ' ಎಂದು ಹೆದರುತ್ತಿದ್ದರು.

ಇಂಥವರು ಮಾಡುತ್ತಿದ್ದ ಕೆಲಸ ಮಾತ್ರ ಧೈರ್ಯದ್ದು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮಕ್ಕಳ ಸಾಹಿತ್ಯದ ಪಾಠ. ಮುಂದೆ ಮೇಷ್ಟ್ರಾಗುವವರಿಗೆ, ಕಥೆಯನ್ನು ಮಕ್ಕಳ ಮುಂದೆ ಹೇಗೆ ಓದಬೇಕು, ಅಕ್ಷರ ಕಂಡರೆ ಓಡುವ ಮಗುವನ್ನು ಅಕ್ಷರದ ಪಕ್ಕದಲ್ಲೇ ಹೇಗೆ ಕೂರಿಸಬೇಕು ಎಂದು ತಲೆಗೂದಲು ಕಪ್ಪಗಿದ್ದಾಗಿನಿಂದ ಹೇಳಿಕೊಡುತ್ತಿದ್ದರು. ಅವರ ಮೆಚ್ಚಿನ ಮಾತೊಂದಿತ್ತು: "ಜನ ಅಕ್ಷರ ಓದೋದಿಲ್ಲ, ಊಹೆ ಓದ್ತಾರೆ. ಮೊದಲನೇ ಪದ ಕಂಡ್ರೆ, ಕೊನೇ ಪದ ಕಂಡ್ರೆ ಸಾಕು, ನಡುವೆ ಇರೋದನ್ನ ತಲೆಯೇ ನುಂಗಿಬಿಡುತ್ತೆ." ಇದನ್ನು ಪ್ರತಿವರ್ಷ ಹೇಳುತ್ತಿದ್ದರು. ತಮಗೇ ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಬೀದಿಯವರು ಅವರನ್ನು ಕಾಗುಣಿತ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದರು. ಆದರೆ ಒಂದು ದಿನ ನೆಂಟರೆಲ್ಲ ತುಂಬಿದ್ದ ಹಾಲಿನಲ್ಲಿ ಭಾವ, ಕೋರ್ಟಿನಲ್ಲಿ ಹೆಡ್ ಕ್ಲರ್ಕು, ಕಾಲ ಮೇಲೆ ಕಾಲು ಹಾಕಿ ಕೇಳಿಯೇಬಿಟ್ಟ.

"ಏನಪ್ಪಾ, ಇನ್ನೂ ಕ ಕಾ ಕಿ ಕೀನೇ ನಡೀತಿದೆಯಾ? ಯಾವಾಗ ಪಾಸಾಗ್ತೀಯ?"

ಹಾಲಿಗೆ ಹಾಲೇ ನಕ್ಕಿತು. ತೊಟ್ಟಿಲಲ್ಲಿದ್ದ ಕೂಸು ಕೂಡ ನಕ್ಕಿತೆಂದು ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ. ಮಾರನೆಯ ದಿನವೇ ಅವರು ಬೋರ್ಡು ಬರೆಯುವವನನ್ನು ಕರೆಸಿ, ಗೇಟಿನ ಮೇಲೆ 'ಮಕ್ಕಳ ಸಾಹಿತ್ಯ ತಜ್ಞ' ಎಂದು ಬರೆಯಲು ಹೇಳಿದರು. ಬೀದಿಯ ಆ ತುದಿಯಿಂದ ಕಾಣಬೇಕು ಎಂದು ಒತ್ತಿ ಹೇಳಿದರು.

ಅವನು ಗೇಟನ್ನು ಗೇಣು ಹಾಕಿ ಅಳೆದ. "ಗೇಟು ಕಿರಿದು ಸಾರ್. ಮೂರು ಪದ ಒಂದೇ ಸೈಜಲ್ಲಿ ಕೂರಲ್ಲ. ಒಂದನ್ನ ಚಿಕ್ಕದು ಮಾಡ್ಬೇಕು."

"ಯಾವುದನ್ನ?"

"ಮಕ್ಕಳನ್ನ ಚಿಕ್ಕದು ಮಾಡಿದ್ರೆ ಕಾಣಿಸಲ್ಲ. ತಜ್ಞನ್ನ ಚಿಕ್ಕದು ಮಾಡಿದ್ರೆ ನಿಮಗೇ ಬೇಜಾರು. ಸಾಹಿತ್ಯ ಚಿಕ್ಕದಾದ್ರೆ ಯಾರಿಗೇನು ಸಾರ್ ತೊಂದ್ರೆ?"

ಮೇಷ್ಟ್ರು ಮುಂಗಡ ಕೊಟ್ಟರು. ಬೋರ್ಡು ಬಂತು. ಬಿಳಿಯ ಮೇಲೆ ಕೆಂಪಿನಲ್ಲಿ, ಮೊಳದಷ್ಟು ದೊಡ್ಡದಾಗಿ 'ಮಕ್ಕಳ'. ಅಷ್ಟೇ ದೊಡ್ಡದಾಗಿ 'ತಜ್ಞ'. ನಡುವೆ, ಡಬ್ಬದ ತಳದಲ್ಲಿ ಉಳಿದಿದ್ದ ತಿಳಿಹಳದಿಯಲ್ಲಿ, ಇರುವೆ ಸಾಲಿನಂತೆ 'ಸಾಹಿತ್ಯ'.

ಮರುದಿನ ಬೆಳಿಗ್ಗೆ ಮೇಷ್ಟ್ರು ವರಾಂಡದಲ್ಲಿ ಚಿತ್ರಪುಸ್ತಕಗಳನ್ನು ಹರಡಿಕೊಂಡು ಕೂತಿದ್ದರು. ಒಬ್ಬ ಹೆಂಗಸು ಸಪ್ಪೆ ಮುಖದ ಹುಡುಗನನ್ನು ಎಳೆದುಕೊಂಡು ಒಳಗೆ ಬಂದರು.

"ನೀವೇನಾ ಸಾರ್ ಮಕ್ಕಳ ತಜ್ಞರು?"

ಮೇಷ್ಟ್ರ ಕಿವಿಗೆ ಜೇನು ಸುರಿದಂತಾಯಿತು. "ನಾನೇ. ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಇವನಿಗೆ ಏನೂ ಒಳಗೆ ಹೋಗ್ತಾನೇ ಇಲ್ಲ ಸಾರ್. ಬಲವಂತವಾಗಿ ತುರುಕಿದ್ರೆ, ಹೋದದ್ದು ಹೋದ ಹಾಗೇ ಹೊರಗೆ ಬರುತ್ತೆ."

ಬಾಯಿಪಾಠದ ಪದ್ಧತಿಯ ಮೇಲೆ ಮೇಷ್ಟ್ರಿಗೆ ಹಳೆಯ ಹಗೆ. "ನೋಡಿದ್ರಾ! ತುರುಕಿದ್ದು ಅರಗಲ್ಲ ಅಮ್ಮ, ಅರಗಲ್ಲ. ಎಲ್ಲಾ ತೊಂದರೆಗೂ ಈ ತುರುಕೋದೇ ಮೂಲ. ಇನ್ಮೇಲೆ ಬೆಳಿಗ್ಗೆ ಚಿಕ್ಕದೊಂದು, ಮಲಗೋ ಮುಂಚೆ ಒಂದು. ಮಡಿಲಲ್ಲಿ ಕೂರಿಸ್ಕೊಂಡು ನಿಧಾನವಾಗಿ."

"ಊಟಕ್ಕೆ ಮುಂಚೇನಾ, ಆಮೇಲಾ?"

"ಯಾವಾಗಾದ್ರೂ ಸರಿ. ಆದ್ರೆ ನೀವೂ ಅವನ ಜೊತೇಲಿ ತಗೋಬೇಕು."

ಆಕೆ ಬೆಚ್ಚಿಬಿದ್ದರು. "ನನಗೂ ಅಂಟಿದೆಯಾ ಸಾರ್?"

"ಅಂಟಿದ್ರೆ ಒಳ್ಳೇದೇ ಅಲ್ವಾ! ಇಡೀ ಮನೆಗೇ ಅಂಟಬೇಕು!" ಎಂದು ಮೇಷ್ಟ್ರು ಉತ್ಸಾಹದಿಂದ ಆನೆಯ ಕಥೆಯ ಪುಸ್ತಕವೊಂದನ್ನು ಕೈಗಿಟ್ಟರು. ಆಕೆ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ತಿರುಗಿ ತಿರುಗಿ ನೋಡುತ್ತಾ ಹೋದರು.

ತುರುಕುವುದು ನಿಂತಿತು, ಅಮ್ಮನ ಮಡಿಲು ಸಿಕ್ಕಿತು. ಹುಡುಗನ ಹೊಟ್ಟೆ ತಾನಾಗಿಯೇ ಸರಿಹೋಯಿತು. ವಾರ ಕಳೆಯುವಷ್ಟರಲ್ಲಿ ಗೇಟಿನ ಮುಂದೆ ಕೆಮ್ಮುವ, ಸೀನುವ, ಕೆರೆದುಕೊಳ್ಳುವ ಮಕ್ಕಳ ಸಾಲು ನಿಂತಿತ್ತು. 'ಓದಿನ ಬಗ್ಗೆ ಈ ಬೀದಿಗೆ ಇಷ್ಟೊಂದು ಕಾಳಜಿಯಾ!' ಎಂದು ಮೇಷ್ಟ್ರ ಕಣ್ಣು ತುಂಬಿ ಬಂತು. ಆ ಕಣ್ಣೀರು ಒಣಗುವ ಮೊದಲೇ ಮಹಡಿಯಿಂದ, ಮನೆ ಬಾಡಿಗೆಗೆ ಕೊಟ್ಟಿದ್ದ ಯಜಮಾನಿ ಇಳಿದು ಬಂದು, ಕುರ್ಚಿ ಎಳೆದುಕೊಂಡು, ಮೊಣಕಾಲನ್ನು ಮೇಷ್ಟ್ರ ಮುಂದೆ ಚಾಚಿದರು.

"ಅಲ್ಲಾ, ಕೆಳಗಡೆ ಡಾಕ್ಟ್ರನ್ನ ಇಟ್ಕೊಂಡು ಮೇಲ್ಗಡೆ ನಾನು ಮಂಡಿನೋವಲ್ಲಿ ಸಾಯ್ತಿದ್ದೀನಿ. ಒಂದು ಮಾತು ಹೇಳ್ಬಾರದಿತ್ತಾ?"

"ಡಾಕ್ಟ್ರಾ? ಅಮ್ಮಾ, ನಾನು ಮಕ್ಕಳ..."

"ನಮ್ಮಮ್ಮನಿಗೆ ನಾನೂ ಮಗೂನೇ. ನೋಡಿ."

ಮೇಷ್ಟ್ರು ನೋಡಿದ್ದು ಮೊಣಕಾಲನ್ನಲ್ಲ, ಹೊರಗಿನ ಸಾಲನ್ನು. ಒಂದು ಮಗುವಿನ ಮೂಗು ಸುರಿಯುತ್ತಿತ್ತು. ಇನ್ನೊಂದು ಕಿವಿಗೆ ಹತ್ತಿ ಇಟ್ಟುಕೊಂಡಿತ್ತು. ಅವರು ಒಳಗೆ ಓಡಿ ಹೆಂಡತಿಗೆ ಹೇಳಿದರು.

"ಹೊರಗೆ ಹೋಗಿ, ನಾನು ಡಾಕ್ಟ್ರಲ್ಲ ಅಂತ ಬಾಯ್ಬಿಟ್ಟು ಹೇಳಿ," ಎಂದರು ಹೆಂಡತಿ. ಅವರು ಹೋಗಿ ಮೆಟ್ಟಿಲ ಮೇಲೆ ನಿಂತು ಹೇಳಿದರು. "ನಾನು ಡಾಕ್ಟ್ರಲ್ಲ! ನನಗೆ ಏನೂ ಗೊತ್ತಿಲ್ಲ!"

ಸಾಲಿನಲ್ಲಿ ಮೆಚ್ಚುಗೆಯ ಗುಸುಗುಸು ಹರಡಿತು. "ನೋಡಿ, ನಿಜವಾಗಿ ಗೊತ್ತಿರೋರು ಎಷ್ಟು ವಿನಯವಾಗಿ ಇರ್ತಾರೆ."

ಅವತ್ತಿನಿಂದ ಬಂದವರನ್ನೆಲ್ಲ ಮೇಷ್ಟ್ರು ಕೈಮುಗಿದು ದೊಡ್ಡಾಸ್ಪತ್ರೆಗೆ ಕಳಿಸತೊಡಗಿದರು. ಕೈಮುಗಿದು ಕಳಿಸುವ ಡಾಕ್ಟರರ ಹೆಸರು ಪಕ್ಕದ ಬೀದಿಗೂ ಹಬ್ಬಿತು. ಇದರಿಂದ ಸಂಕಟಕ್ಕೆ ಬಿದ್ದವನು ಮೂಲೆಯ ಔಷಧಿ ಅಂಗಡಿಯವನು. ಒಂದು ಮಧ್ಯಾಹ್ನ ಬಂದು ಗೇಟಿಗೆ ಒರಗಿ ನಿಂತ.

"ಏನ್ ಸಾರ್, ಒಂದು ಚೀಟಿನೂ ಬರ್ಕೊಡ್ತಿಲ್ಲ? ಎಲ್ಲರಿಗೂ ಪುಸ್ತಕ ಕೊಡ್ತೀರಂತೆ. ನಾನು ಅಂಗಡೀಲಿ ಮಾತ್ರೆ ತೆಗೆದು ಆನೆ, ಮೊಲ ಇಟ್ಕೊಳ್ಳಲಾ?"

"ನಾನು ಡಾಕ್ಟ್ರಲ್ಲಪ್ಪಾ."

ಅಂಗಡಿಯವನ ಮುಖ ಬದಲಾಯಿತು. ಈ ಮಾತನ್ನು ನಂಬಿದ ಮೊದಲ ಮನುಷ್ಯ ಅವನು. "ಅಲ್ವಾ? ಹಾಗಾದ್ರೆ ಇದು ಆರೋಗ್ಯ ಇಲಾಖೆಗೆ ಹೇಳ್ಬೇಕಾದ ವಿಷಯ," ಎಂದು ಹೊರಟ.

ಮೇಷ್ಟ್ರು ಮಾನ ಬಿಟ್ಟು ಭಾವನನ್ನು ಕರೆಸಿದರು. ಭಾವ ಬೋರ್ಡನ್ನು ರಸ್ತೆಯ ಆಚೆ ನಿಂತು ನೋಡಿದ, ಈಚೆ ನಿಂತು ನೋಡಿದ, ಒಳಗೆ ಬಂದು ಕಾಫಿ ಕುಡಿದು ತೀರ್ಪು ಕೊಟ್ಟ.

"ಬೋರ್ಡ್ ತೆಗೆದ್ರೆ ಸಾಕ್ಷ್ಯನಾಶ. ಇಟ್ರೆ ಅಪರಾಧದ ಮುಂದುವರಿಕೆ."

"ಮತ್ತೆ ನಾನು ಏನ್ ಮಾಡ್ಲಿ ಭಾವ?"

"ಅದನ್ನ ವಕೀಲರು ಹೇಳ್ಬೇಕು, ನಾನು ಹೆಡ್ ಕ್ಲರ್ಕು. ಆದ್ರೆ ಹೆದರ್ಬೇಡ. ಜೈಲಲ್ಲೂ ಅಕ್ಷರ ಕಲಿಸೋರು ಬೇಕಂತೆ. ನಿನಗೆ ಕೆಲಸ ತಪ್ಪಲ್ಲ."

ಹೆದರಬೇಡ ಎಂದು ಯಾರಾದರೂ ಹೇಳಿದರೆ ಮೇಷ್ಟ್ರ ಹೆದರಿಕೆ ಇಮ್ಮಡಿಯಾಗುತ್ತಿತ್ತು. ಊಟ ಸೇರಲಿಲ್ಲ. ಪ್ರೆಶರ್ ಕುಕ್ಕರು ಕೂಗಿದರೆ ಪೊಲೀಸರ ಸೀಟಿ ಎಂದು ಬಾತ್‌ರೂಮಿನೊಳಗೆ ಸೇರುತ್ತಿದ್ದರು. ತರಗತಿಯಲ್ಲಿ ತೋಳದ ಕಥೆಯನ್ನು ಓದಿ ತೋರಿಸುವಾಗ, ತೋಳ ಬಾಗಿಲು ತಟ್ಟುವ ಜಾಗಕ್ಕೆ ಬಂದು ಅವರ ದನಿ ಎಷ್ಟು ನಡುಗಿತೆಂದರೆ, ವಿದ್ಯಾರ್ಥಿಗಳೆಲ್ಲ 'ಧ್ವನಿಯ ಏರಿಳಿತ: ಅತ್ಯುತ್ತಮ' ಎಂದು ಬರೆದುಕೊಂಡರು.

ಹೀಗೆ ಬೆವರುತ್ತಲೇ ಅವರಿಗೊಂದು ಉಪಾಯ ಹೊಳೆಯಿತು. ಬೋರ್ಡನ್ನು ತೆಗೆಯುವುದು ಬೇಡ, ಇಡುವುದೂ ಬೇಡ. ನಡುವಿನ ಪದವನ್ನು ದೊಡ್ಡದು ಮಾಡಿದರೆ? ಬೆಳಕು ಹರಿಯುತ್ತಲೇ ಏಣಿ ಹಾಕಿ, ಕೆಂಪು ಬಣ್ಣದಲ್ಲಿ ಕುಂಚ ಅದ್ದಿ ಹತ್ತಿದರು. 'ಸಾ' ಎಂಬ ಅಕ್ಷರದ ತಲೆಕಟ್ಟಿಗೆ ಕುಂಚ ತಾಗಿತ್ತಷ್ಟೆ. ಎದುರುಮನೆಯ ನಾಯಿ ಕೆಳಗೆ ಬಂದು ನಿಂತು, ಒಂದೇ ಒಂದು ಸಲ "ಬೌ" ಎಂದಿತು. ಏಣಿ ಒಂದು ಕಡೆ ಹೋಯಿತು, ಮೇಷ್ಟ್ರು ಇನ್ನೊಂದು ಕಡೆ. ಬೀಳುವವರು ಹಿಡಿದುಕೊಳ್ಳಲು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಬಣ್ಣ ಮೆತ್ತಿದ ಅವರ ತೋಳು ಬೋರ್ಡಿನ ನಡುವನ್ನೇ ಸವರಿಕೊಂಡು ಬಂತು.

ಎದ್ದು ನೋಡಿದರೆ, ಸಾಹಿತ್ಯ ಪೂರ್ತಿ ಮುಚ್ಚಿಹೋಗಿತ್ತು. ಅದು ಇದ್ದ ಜಾಗದಲ್ಲಿ, ಅಡ್ಡಕ್ಕೂ ಉದ್ದಕ್ಕೂ ಬಳಿದುಕೊಂಡ ಕೆಂಪು ಬಣ್ಣ ನೋಡಲು ಥೇಟ್ ಆಸ್ಪತ್ರೆಯ ಗುರುತಿನಂತಿತ್ತು.

"ಈಗ ಪೂರ್ತಿ ಆಯ್ತು," ಎಂದರು ಹೆಂಡತಿ.

ಇನ್ನೂ ಪೂರ್ತಿ ಆಗಿರಲಿಲ್ಲ. ಮೇಷ್ಟ್ರು ಸೊಂಟ ಹಿಡಿದುಕೊಂಡು ಗೇಟಿನ ಬಳಿಯೇ ಕೂತಿದ್ದಾಗ ಒಬ್ಬ ಅಜ್ಜಿ ಓಡಿ ಬಂದರು. ತೋಳಿನಲ್ಲಿ ಶಾಲು ಸುತ್ತಿದ ಮೊಮ್ಮಗಳು. ಅಜ್ಜಿಯ ಬಾಯಿಂದ ಮಾತು ಹೊರಡಲಿಲ್ಲ. ಶಾಲು ಸರಿಸಿದರು. ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈ ಸೆಟೆದಿತ್ತು.

ಇಷ್ಟು ವರ್ಷ ಮೇಷ್ಟ್ರು ಹೆದರಿದ್ದೆಲ್ಲ ಬರೀ ತಾಲೀಮು. ನಿಜವಾದದ್ದು ಈಗ ಬಂದಿತ್ತು. ಅವರು ಏನೂ ಯೋಚಿಸಲಿಲ್ಲ. ಮಗುವನ್ನು ಎತ್ತಿಕೊಂಡರು, ಓಡಿದರು. ಪಟ್ಟೆಪಟ್ಟೆ ಪೈಜಾಮ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ, ತೋಳಿನ ತುಂಬ ಕೆಂಪು ಬಣ್ಣ. ನಾಯಿ ಅಡ್ಡ ಬಂದಿತು. "ಸರ್ಕೋ!" ಎಂದು ಕೂಗಿದರು. ನಾಯಿ ಸರಿದುಕೊಂಡಿತು. ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಬೆಳಗಿನ ಸಾಲು ಪೂರ್ತಿ. ದಾರಿಯುದ್ದಕ್ಕೂ ಮೇಷ್ಟ್ರು ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮಂತ್ರ ಎಂದು ಬೀದಿಯವರು ಹೇಳುತ್ತಾರೆ. ಅದು ಆನೆಯ ಕಥೆ. ಮಗು ಕೈಯಲ್ಲಿದ್ದರೆ ಅವರಿಗೆ ಬೇರೇನೂ ಬರುತ್ತಿರಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಗುವನ್ನು ಕಿತ್ತುಕೊಂಡು ಒಳಗೆ ಹೋದರು. ಮೇಷ್ಟ್ರು ಗೋಡೆಗೆ ಒರಗಿ ನಿಂತರು. ಬಾಗಿಲು ತೆರೆಯಲು ಎಷ್ಟು ಹೊತ್ತಾಯಿತೋ ಅವರಿಗೆ ತಿಳಿಯದು.

"ಜ್ವರ ನೆತ್ತಿಗೇರಿತ್ತು. ಸರಿಯಾದ ಹೊತ್ತಿಗೆ ತಂದ್ರಿ. ಏನೂ ಭಯ ಇಲ್ಲ," ಎಂದರು ಡಾಕ್ಟರಮ್ಮ.

ಅಜ್ಜಿಗೆ ಆಗ ಮಾತು ಬಂತು. ಬರಬಾರದ ಮಾತೇ ಬಂತು. "ನಮ್ಮ ಡಾಕ್ಟ್ರೇ ಎತ್ಕೊಂಡ್ ಓಡಿಬಂದ್ರು ತಾಯಿ!"

ಡಾಕ್ಟರಮ್ಮ ಪೈಜಾಮವನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಡಾಕ್ಟ್ರಾ? ಎಲ್ಲಿ ಓದಿದ್ದು?"

"ಓದೋದು... ಓದೋದನ್ನ ಕಲಿಸ್ತೀನಿ."

"ಪ್ರಾಕ್ಟೀಸು ಎಲ್ಲಿ?"

"ಮಾದರಿ ಶಾಲೆಯಲ್ಲಿ. ಪ್ರಾಕ್ಟೀಸ್ ಟೀಚಿಂಗು."

ಡಾಕ್ಟರಮ್ಮ ಮತ್ತೇನೂ ಕೇಳದೆ ಫೋನಿನ ಕಡೆ ನಡೆದರು.

ಮರುದಿನ ಮೇಷ್ಟ್ರು ಕಾಲೇಜಿಗೆ ರಜೆ ಹಾಕಿ ಜೈಲಿಗೆ ಚೀಲ ಕಟ್ಟಿಕೊಂಡರು. ಟೂತ್‌ಬ್ರಷ್ಷು, ಸ್ವೆಟರು, ಅದರ ಮೇಲೆ ಒಂದು ಕಟ್ಟು ಚಿತ್ರಪುಸ್ತಕ.

"ಜೈಲಿಗೆ ಮೊಲದ ಪುಸ್ತಕ ಯಾಕ್ರೀ?" ಎಂದರು ಹೆಂಡತಿ.

"ಅಲ್ಲಿ ಓದಿನ ಮೊದಲನೇ ಹಂತದವರೂ ಇರ್ತಾರೆ."

ಮಧ್ಯಾಹ್ನ ಜೀಪು ಬಂದು ನಿಂತಿತು. ಇಳಿದವರು ಆರೋಗ್ಯಾಧಿಕಾರಿ. ದಪ್ಪ ಮೀಸೆ, ಮೆಲ್ಲನೆಯ ಮಾತು. ಮೆಲ್ಲಗೆ ಮಾತಾಡುವ ಅಧಿಕಾರಿಗಳೆಂದರೆ ಮೇಷ್ಟ್ರಿಗೆ ಇನ್ನೂ ಭಯ. ಅವರ ಹಿಂದೆ ಯೂನಿಫಾರ್ಮು ಹಾಕಿದ್ದ ಒಬ್ಬ ಹುಡುಗಿ ಹೊಟ್ಟೆ ಹಿಡಿದುಕೊಂಡು ಇಳಿದಳು.

"ನನ್ನ ಮಗಳು. ಹೊಟ್ಟೆನೋವು ಅಂತ ಸ್ಕೂಲಿಂದ ಕಳಿಸಿದ್ರು, ಮನೆಗೆ ಬಿಡೋ ದಾರೀಲಿ ಬಂದೆ. ನೀನು ಅಲ್ಲಿ ಕೂತ್ಕೊ ಪುಟ್ಟಿ." ಹುಡುಗಿ ಪುಸ್ತಕದ ಕಪಾಟಿನ ಪಕ್ಕ ಕೂತಳು. ಅಧಿಕಾರಿ ಕುರ್ಚಿಯ ತುದಿಯಲ್ಲಿ ಕೂತರು. "ಈಗ ಹೇಳಿ. ಯಾವ ಪದ್ಧತಿಯ ಚಿಕಿತ್ಸೆ ನಿಮ್ಮದು?"

ಮೇಷ್ಟ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆದರೆ ಬೀದಿಗೆ ಬಾಯಿತ್ತು. ಕಿಟಕಿಯ ಸರಳಿಗೆ ಮುಖಗಳು ಅಂಟಿಕೊಂಡಿದ್ದವು. ತಮ್ಮ ಡಾಕ್ಟರನ್ನು ಉಳಿಸಿಕೊಳ್ಳಲು ಪ್ರತಿಯೊಬ್ಬರೂ ಟೊಂಕ ಕಟ್ಟಿ ನಿಂತಿದ್ದರು.

"ಇವರು ಮುಟ್ಟೋದೇ ಇಲ್ಲ ಸಾರ್, ಕೈಮುಗಿದ್ರೆ ಸಾಕು!"

"ನನ್ನ ಮಗನಿಗೆ ಆನೆ ಕೊಟ್ಟು ವಾಸಿ ಮಾಡಿದ್ರು!"

ಅಧಿಕಾರಿಯ ಪೆನ್ನು ನಿಂತಿತು. "ಆನೆ?"

"ದಿನಕ್ಕೆ ಎರಡು ಸಲ ಸಾರ್. ನಾನೂ ತಗೊಂಡೆ."

"ನನ್ನ ಮಂಡಿಗೆ ಇನ್ನೂ ಏನೂ ಕೊಟ್ಟಿಲ್ಲ, ಅದನ್ನೂ ಬರ್ಕೊಳ್ಳಿ," ಎಂದರು ಯಜಮಾನಿ.

ಮೇಷ್ಟ್ರು ಎದ್ದು ನಿಂತು ಎರಡೂ ಕೈಗಳನ್ನು ಬೇಡಿಗೆ ಅನುಕೂಲವಾಗುವಂತೆ ಮುಂದೆ ಚಾಚಿದರು. "ಸಾರ್, ನಡುವೆ ಸಾಹಿತ್ಯ ಇತ್ತು ಸಾರ್. ಮೊದಲು ಸಣ್ಣದಾಗಿತ್ತು, ಆಮೇಲೆ ಅದೂ ಹೋಯ್ತು. ನಾನು ಕಥೆ ಓದೋದನ್ನ ಕಲಿಸೋ ಮೇಷ್ಟ್ರು. ನನ್ನನ್ನ ಕರ್ಕೊಂಡ್ ಹೋಗಿ."

ಅಧಿಕಾರಿ ಏನೋ ಹೇಳಲು ಬಾಯಿ ತೆರೆದರು. ಆಗ ಕಪಾಟಿನ ಪಕ್ಕದಿಂದ ಓದುವ ದನಿ ಕೇಳಿಸಿತು. ಹುಡುಗಿ ಕಪ್ಪೆಯ ಪುಸ್ತಕವೊಂದನ್ನು ತೆಗೆದುಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತಾ, ಸೊಗಸಾಗಿ ಓದುತ್ತಿದ್ದಳು. "ಕಪ್ಪೆ ಮನೆಗೆ ಹೋಯಿತು. ಅಮ್ಮನಿಗೆ ಏನೂ ಹೇಳಲಿಲ್ಲ..."

"ನಾಲ್ಕನೇ ಕ್ಲಾಸು," ಎಂದರು ಅಧಿಕಾರಿ. ಮೀಸೆಯ ಕೆಳಗೆ ಹೆಮ್ಮೆ ಇಣುಕಿತು. "ಪದ್ಯ ಹೇಳೋದ್ರಲ್ಲಿ ಬಹುಮಾನ ತಗೊಂಡಿದ್ದಾಳೆ."

ಮೇಷ್ಟ್ರ ಚಾಚಿದ ಕೈ ಹಾಗೇ ಉಳಿಯಿತು. ಆ ಪುಸ್ತಕ ಅವರಿಗೆ ಬಾಯಿಗೇ ಬರುತ್ತಿತ್ತು. ಅದರಲ್ಲಿ ಕಪ್ಪೆ ಮನೆಗೆ ಹೋಗುವುದೇ ಇಲ್ಲ. ಹುಡುಗಿಯ ಬೆರಳು ಯಾವ ಒತ್ತಕ್ಷರದ ಮುಂದೆಯೂ ತಡವರಿಸಲಿಲ್ಲ, ಎಲ್ಲೂ ಹಿಂದಕ್ಕೆ ಬರಲಿಲ್ಲ. ನಿಜವಾಗಿ ಓದುವ ಮಗುವಿನ ಬೆರಳು ಹಾಗೆ ನುಣ್ಣಗೆ ಹೋಗುವುದಿಲ್ಲ.

ಸುಮ್ಮನಿರುವುದು ಬುದ್ಧಿವಂತಿಕೆ ಎಂದು ಅವರಿಗೆ ಗೊತ್ತಿತ್ತು. ಆದರೂ ಬಾಯಿ ಕೇಳಿಯೇಬಿಟ್ಟಿತು.

"ಸಾರ್, ಈ ಹೊಟ್ಟೆನೋವು ಭಾನುವಾರ ಬರುತ್ತಾ?"

ಅಧಿಕಾರಿ ನಿಧಾನವಾಗಿ ತಲೆಯೆತ್ತಿದರು. "ನನ್ನ ಮುಂದೇನೇ ಪ್ರಾಕ್ಟೀಸ್ ಶುರು ಮಾಡಿದ್ರಾ?"

"ರಜೇಲಿ ಬರುತ್ತಾ ಸಾರ್?"

ಅಧಿಕಾರಿ ಪೆನ್ನು ಕೆಳಗಿಟ್ಟರು. ಬರುತ್ತಿರಲಿಲ್ಲ ಎಂಬುದು ಅವರ ಮುಖದಲ್ಲಿತ್ತು. ಮೇಷ್ಟ್ರು ಹೋಗಿ, ಬೀದಿಯ ಮುಖಕ್ಕೇ ಕಿಟಕಿ ಮುಚ್ಚಿದರು. ಹಾಗೆ ಮಾಡಿದ್ದು ತಾವೇ ಎಂದು ಅವರಿಗೆ ಆಮೇಲೂ ನಂಬಿಕೆ ಬರಲಿಲ್ಲ. ಹುಡುಗಿಯ ಎದುರು ನೆಲದ ಮೇಲೆ ಕೂತರು.

"ನಿನ್ನ ಕಥೆ ಚೆನ್ನಾಗಿತ್ತು. ಪುಸ್ತಕದ್ದಕ್ಕಿಂತ ಚೆನ್ನಾಗಿತ್ತು. ಅಕ್ಷರ ನೋಡಿದ್ರೆ ಒಂದರ ಮೇಲೊಂದು ಹತ್ಕೊಳ್ತಾವಾ ಪುಟ್ಟಿ?"

ಹುಡುಗಿ ಅಪ್ಪನನ್ನು ನೋಡಿದಳು. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಮೇಷ್ಟ್ರಿಗೆ ಆ ಕಣ್ಣಿನ ಹೆದರಿಕೆ ಚೆನ್ನಾಗಿ ಪರಿಚಯವಿತ್ತು.

"ಅಮ್ಮ ಓದಿದ್ದನ್ನ ಕೇಳಿ ಇಟ್ಕೋತೀನಿ," ಎಂದಳು ಪಿಸುದನಿಯಲ್ಲಿ. "ಹೋದ ವರ್ಷ ಇಟ್ಕೊಳ್ಳೋಕೆ ಆಗ್ತಿತ್ತು. ಈ ವರ್ಷ ಪುಸ್ತಕ ದಪ್ಪ ಆಗಿದೆ. ನಾಳೆ ಟೀಚರು ನಡುವಿಂದ ಓದು ಅಂತಾರೆ. ನಡುವಿಂದ ನನಗೆ ಬರಲ್ಲ."

ಅಧಿಕಾರಿ ಕುರ್ಚಿಯ ತುದಿಯಿಂದ ಹಿಂದಕ್ಕೆ ಕುಸಿದರು. "ಎಲ್ಲಾ ಟೆಸ್ಟ್ ಮಾಡಿಸಿದ್ವಿ. ಎಲ್ಲಾ ನಾರ್ಮಲ್ ಅಂದ್ರು," ಎಂದರು. ಆಮೇಲೆ, "ಇದಕ್ಕೆ ಔಷಧಿ..."

"ನನಗೆ ಔಷಧಿ ಗೊತ್ತಿಲ್ಲ ಸಾರ್, ದಯವಿಟ್ಟು ಅದನ್ನ ಬರ್ಕೊಳ್ಳಿ. ಆದ್ರೆ ಕಲಿಸಬಹುದು. ನಿಧಾನ ಆಗುತ್ತೆ. ಬೈಯೋ ಹಾಗಿಲ್ಲ."

ಅಧಿಕಾರಿ ಏನನ್ನೂ ಬರೆದುಕೊಳ್ಳಲಿಲ್ಲ. ಹೋಗುವಾಗ ಡ್ರೈವರನಿಂದ ಬೋರ್ಡನ್ನು ಬಿಚ್ಚಿಸಿ ಜೀಪಿನ ಹಿಂದೆ ಹಾಕಿಸಿದರು. ಸಾಕ್ಷ್ಯವನ್ನು ಸರ್ಕಾರವೇ ಒಯ್ದರೆ ಅದು ಏನಾಗುತ್ತದೆ ಎಂದು ಮೇಷ್ಟ್ರು ಭಾವನನ್ನು ಕೇಳಿದರು. ಭಾವ ಇನ್ನೊಂದು ಲೋಟ ಕಾಫಿ ಕೇಳಿದ.

ಬೋರ್ಡು ಹೋಯಿತು, ಇನ್ನು ನೆಮ್ಮದಿ ಎಂದು ನೀವು ತಿಳಿದರೆ ಬೀದಿಯನ್ನು ನೀವು ಅರಿತಿಲ್ಲ. ಆರೋಗ್ಯ ಇಲಾಖೆಯ ಜೀಪು ದಿನಾ ಸಂಜೆ ಮೇಷ್ಟ್ರ ಗೇಟಿನ ಮುಂದೆ ನಿಲ್ಲತೊಡಗಿತು. ಆರೋಗ್ಯಾಧಿಕಾರಿಯೇ ಮಗಳ ಕೈ ಹಿಡಿದುಕೊಂಡು ಒಳಗೆ ಹೋಗುವುದನ್ನು ಬೀದಿ ಕಣ್ಣಾರೆ ಕಂಡಿತು. "ಬೋರ್ಡೇ ಇಲ್ಲದೆ ನಡೆಸ್ತಾರೆ ಅಂದ್ರೆ ಎಂಥಾ ಡಾಕ್ಟ್ರಿರಬೇಕು!" ಸಾಲು ಮೂಲೆಯ ಔಷಧಿ ಅಂಗಡಿಯನ್ನೂ ದಾಟಿ ಬೆಳೆಯಿತು. ಅಂಗಡಿಯವನು ನಿಜವಾಗಿಯೇ ಒಂದು ಕಪಾಟಿನಲ್ಲಿ ಕಥೆ ಪುಸ್ತಕ ತಂದಿಟ್ಟ. ಮೇಷ್ಟ್ರು ಮೊದಲಿಗಿಂತ ಹೆಚ್ಚು ಹೆದರುತ್ತಾ, ಮೊದಲಿಗಿಂತ ಹೆಚ್ಚು ಜನಕ್ಕೆ ಕೈಮುಗಿದು ದೊಡ್ಡಾಸ್ಪತ್ರೆಯ ದಾರಿ ತೋರಿಸುತ್ತಾ ದಿನ ತಳ್ಳಿದರು.

ಒಂದು ಸಂಜೆ ಹುಡುಗಿ ವರಾಂಡದಲ್ಲಿ ಕೂತು ಓದುತ್ತಿದ್ದಳು. ಈಗ ಅವಳ ಬೆರಳು ತಡವರಿಸುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು, ಒತ್ತಕ್ಷರದ ಕೆಳಗೆ ಒದ್ದಾಡುತ್ತಿತ್ತು. ಪುಟದ ನಡುವೆ ಒಂದು ಪದದ ಮುಂದೆ ನಿಂತೇಬಿಟ್ಟಳು. ಹೊರಗಿನ ಸಾಲು ಕೆಮ್ಮುವುದನ್ನು ನಿಲ್ಲಿಸಿತು. ಅಧಿಕಾರಿಯ ಕೈ ತಮ್ಮ ಹೊಟ್ಟೆಯ ಮೇಲೆ ಹೋಯಿತು. ಕೊನೆಗೆ ತಡೆಯಲಾರದೆ ಪದವನ್ನು ಹೇಳಿಕೊಡಲು ಅವರು ಬಾಯಿ ತೆರೆದರು.

"ಬಾಯಿ ಮುಚ್ಚಿ ಸಾರ್," ಎಂದರು ಮೇಷ್ಟ್ರು. "ಅವಳೇ ಓದ್ತಾಳೆ."

ಆರೋಗ್ಯಾಧಿಕಾರಿ ಬಾಯಿ ಮುಚ್ಚಿದರು.

ಹುಡುಗಿ ಓದಿದಳು.